ಎಲ್ಲದಕ್ಕೂ ಹೌದು

ಆ ದಿನ ಬೆಳಗ್ಗೆ ಗಾಳಿ ಎಲ್ಲಿ ಹೋಗಿ ಅಡಗಿತ್ತೋ ದೇವರೇ ಬಲ್ಲ. ಮೋಡವಿತ್ತು, ಮಳೆಯಿರಲಿಲ್ಲ. ಬಿಸಿಲಿರಲಿಲ್ಲ, ಸೆಕೆ ಇತ್ತು. ಹಿಂದಿನ ದಿನ ಒಗೆದು ಹಾಕಿದ ಬಟ್ಟೆ ಹಗ್ಗದ ಮೇಲೆ ಹಸಿಹಸಿಯಾಗಿಯೇ ಜೋತುಬಿದ್ದಿತ್ತು. ಪಾತ್ರೆಗೆ ಮುಚ್ಚಳ ಹಾಕಿ ಮೇಲೊಂದು ಕಲ್ಲು ಹೇರಿದಂತೆ ಊರಿಗೆ ಊರೇ ಒಳಗೊಳಗೇ ಬೇಯುತ್ತಿತ್ತು.

ಸೊಸೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಒಳಗಿನಿಂದ ಟಣ್ ಟಣ್ ಎಂದು ಸದ್ದಾಯಿತು. ಅತ್ತೆ ಚಮಚದಿಂದ ಲೋಟಕ್ಕೆ ಬಡಿಯುತ್ತಿದ್ದರು. ಕುತ್ತಿಗೆಯ ಗಡ್ಡೆ ತೆಗೆಸಿಕೊಂಡ ಮೇಲೆ ಅವರಿಗೆ ಧ್ವನಿ ಹೋಗಿತ್ತು. ಗಡ್ಡೆಯ ಪಕ್ಕದ ನರಕ್ಕೆ ಪೆಟ್ಟಾಗಿದೆ, ಉಸಿರಿಗೆ ತೊಂದರೆಯಿಲ್ಲ, ಊಟಕ್ಕೆ ತೊಂದರೆಯಿಲ್ಲ, ಮಾತು ಮಾತ್ರ ಬರುವುದಿಲ್ಲ ಎಂದಿದ್ದರು ವೈದ್ಯರು, ಮಾತೇನು ಅಷ್ಟು ದೊಡ್ಡ ವಿಷಯವಲ್ಲ ಎಂಬಂತೆ. ಅತ್ತೆ ಬಾಯಿ ತೆರೆದರೆ ಬರಿ ಗಾಳಿ. ಅಂದಿನಿಂದ ಕರೆಯುವುದಕ್ಕೆ ಲೋಟ, ಹೇಳುವುದಕ್ಕೆ ಸ್ಲೇಟು.

ಸ್ಲೇಟಿನ ಮೇಲೆ ದುಂಡನೆಯ ಅಕ್ಷರ: "ಸಂಜೆ ಮರೀಬೇಡ. ದೋಣಿಯವನ ಕತೆ."

"ಅಯ್ಯೋ, ಮರೆಯೋದುಂಟಾ ಅತ್ತೆ? ದೋಣಿಯವನದ್ದೊಂದೇ ಯಾಕೆ, ನೀವು ಓದಿದ್ದೆಲ್ಲಾ ತರ್ತೀನಿ. ಹೊಸ ಯಂತ್ರ ಬಂದಿದೆ. ಅಂಗೈಲಿ ಮುಚ್ಚಿಟ್ಕೊಬಹುದು, ಅಷ್ಟೇ ಇರೋದು. ಅದರೊಳಗೆ ಎಲ್ಲಾ ಹಿಡಿಸುತ್ತೆ."

ಅತ್ತೆ ಹುಬ್ಬೇರಿಸಿದರು. ಸೆರಗಿನಿಂದ ಅಳಿಸಿ ಮತ್ತೆ ಬರೆದರು: "ನೋಡೋಣ ನಿನ್ನ ಕೈಗುಣ."

ಮಾತು ಹೋದರೂ ಮೊನಚು ಹೋಗಿರಲಿಲ್ಲ ಎಂದುಕೊಂಡು ಸೊಸೆ ಒಳಗೇ ನಕ್ಕು ಬೀದಿಗಿಳಿದಳು.

ಅವಳು ಕೆಲಸ ಮಾಡುತ್ತಿದ್ದದ್ದು, ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ, ಧ್ವನಿ ಮುದ್ರಿಸಿಟ್ಟು, ಎರವಲು ಕೊಡುವ ಒಂದು ಪುಟ್ಟ ಸಂಸ್ಥೆಯಲ್ಲಿ. ಅತ್ತೆ ಅಲ್ಲಿ ಅರ್ಧ ಆಯುಸ್ಸು ಓದಿದವರು. ಕತೆ, ಕಾದಂಬರಿ, ಹೊಲಿಗೆ ಕಲಿಸುವ ಪುಸ್ತಕ, ಕಿಡ್ನಿ ಕಾಪಾಡಿಕೊಳ್ಳುವ ಪುಸ್ತಕ, ಯಾವುದು ಕೈಗೆ ಬಂದರೂ ಅದೇ ಶ್ರದ್ಧೆ; ಓದುವುದನ್ನು ಪೂಜೆಯ ಹಾಗೆ ಮಾಡುತ್ತಿದ್ದರು. ಕೇಳುಗರೆಲ್ಲ ಅವರನ್ನು ಓದಮ್ಮ ಎನ್ನುತ್ತಿದ್ದರು. ಅವರೇ ಸೊಸೆಯನ್ನು ಅಲ್ಲಿನ ಕಂಪ್ಯೂಟರಿನ ಮುಂದೆ ಕೂರಿಸಿದ್ದು. ಹಾಗಾಗಿ ಕಚೇರಿಯಲ್ಲೂ ಅವಳಿಗೆ ಬೇರೆ ಹೆಸರಿಲ್ಲ, ಓದಮ್ಮನ ಸೊಸೆ.

ಓದಮ್ಮ ತಾನು ಓದಿದ್ದನ್ನು ಎಂದೂ ಕೇಳಿದವರಲ್ಲ. "ಅಡುಗೆ ರುಚಿ ಉಂಡೋರು ಹೇಳ್ಬೇಕು. ಮಾಡಿದೋಳೇ ಚಪ್ಪರಿಸ್ತಾ ಕೂತ್ರೆ ಚೆಂದವಾ?" ಎನ್ನುತ್ತಿದ್ದರು. ಈಗ ತಾವಾಗಿಯೇ ಕೇಳಿದ್ದರು. ಯಾಕೆಂದಾಗ ಸ್ಲೇಟಿನಲ್ಲಿ ಬರೆದಿದ್ದರು: "ಹಾಗೆ ಮಾತಾಡ್ತಿದ್ದೋಳು ನಾನೇನಾ ಅಂತ ನೋಡ್ಬೇಕು." ಅದನ್ನು ಓದಿದ ದಿನ ಸೊಸೆ ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಎದ್ದಿದ್ದಳು.

ಹಾಗೆ ಏಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಗಡ್ಡೆಯ ಸುದ್ದಿ ಗೊತ್ತಾಗುವ ಮೊದಲು ಒಂದು ದಿನ, ಸಾರಿಗೆ ಉಪ್ಪು ಹೆಚ್ಚಾದದ್ದರಿಂದ ಶುರುವಾದ ಅತ್ತೆಯ ಮಾತು ಸೊಸೆಯ ತವರುಮನೆಯವರೆಗೂ ಹೋಗಿ ಬಂದಾಗ, ಅವಳು ಸೌಟು ಕುಕ್ಕಿ ಹೇಳಿಬಿಟ್ಟಿದ್ದಳು: "ಒಂದು ದಿನವಾದ್ರೂ ನಿಮ್ಮ ಬಾಯಿಗೆ ರಜೆ ಕೊಡ್ಬಾರ್ದಾ ಅತ್ತೆ?" ಕಿಟಕಿ ತೆರೆದಿತ್ತು. ಪಕ್ಕದ ಮನೆಯವರು ಕೇಳಿಸಿಕೊಂಡರು. ಮೇಲಿರುವವನೂ ಕೇಳಿಸಿಕೊಂಡನೋ ಏನೋ.

ಕಚೇರಿಯಲ್ಲಿ ಸೊಸೆಯ ಮೇಜು ಇದ್ದದ್ದು ಧ್ವನಿ ಮುದ್ರಿಸುವ ಕೋಣೆಯಲ್ಲಿ. ಕಿಟಕಿಯಿಲ್ಲ. ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು. ಬಾಗಿಲು ದಪ್ಪದ್ದು, ಮುಚ್ಚಿದರೆ ಹೊರಗಿನ ಬೀದಿಯೇ ಇಲ್ಲವಾಗುತ್ತಿತ್ತು. ಒಳಗೆ ಕೂತವರಿಗೆ ತಮ್ಮ ಉಸಿರು ತಮಗೇ ಕೇಳಿಸುತ್ತಿತ್ತು. ಮೊದಮೊದಲು ಅವಳಿಗೆ ಅಲ್ಲಿ ದೇವರ ಕೋಣೆಯ ಸಮಾಧಾನ ಸಿಗುತ್ತಿತ್ತು.

ಕೆಲಸದ ಪದ್ಧತಿ ಹೀಗಿತ್ತು. ಓದಿದ ಪ್ರತಿ ಪುಸ್ತಕವನ್ನೂ ಒತ್ತಿ ಸಣ್ಣದು ಮಾಡಿ ಒಂದು ಜಿಪ್ ಫೈಲಿನಲ್ಲಿ ಕಟ್ಟಿಡುತ್ತಿದ್ದರು. ಕಚೇರಿಯವರ ಬಾಯಲ್ಲಿ ಅದು ಗಂಟು. ಗಂಟಿನ ಮೇಲೆ ಪುಸ್ತಕದ ಹೆಸರು, ಗಂಟಿನೊಳಗೆ ಅಧ್ಯಾಯಗಳು. ಅಧ್ಯಾಯಗಳಿಗೆ ಹೆಸರಿಲ್ಲ, ಬರಿ ಅಂಕೆ: ಒಂದು, ಎರಡು, ಮೂರು. ಅದು ಓದಮ್ಮನೇ ಹಾಕಿಕೊಟ್ಟ ದಾರಿ. "ಕೇಳೋರು ಗುಂಡಿ ಒತ್ಕೊಂಡು ಹೋಗ್ತಾರೆ. ಅವರಿಗೆ ಅಂಕೆ ಸಾಕು, ಅಲಂಕಾರ ಯಾಕೆ?" ಯಾರಾದರೂ ಪುಸ್ತಕ ಕೇಳಿ ಬಂದರೆ ಸೊಸೆ ಆ ಒಂದು ಗಂಟನ್ನು ಬಿಚ್ಚಿ, ಅಧ್ಯಾಯಗಳನ್ನು ಪುಟ್ಟ ಕೇಳುಯಂತ್ರಕ್ಕೆ ತುಂಬಿ ಕೊಡುವಳು. ಯಂತ್ರ ವಾಪಸು ಬಂದ ಕೂಡಲೇ ಅದನ್ನು ಅಳಿಸಿ, ಮುಂದಿನವರು ಕೇಳಿದ್ದನ್ನು ತುಂಬುವಳು.

ಈಗ ದಾನಿಯೊಬ್ಬರು ಕೊಟ್ಟ ಹೊಸ ಯಂತ್ರಗಳಲ್ಲಿ ಬೇಕಾದಷ್ಟು ಜಾಗವಿತ್ತು. ಇನ್ನು ಮೇಲೆ ಒಬ್ಬೊಬ್ಬರಿಗೂ ಒಂದೊಂದು ಪುಸ್ತಕವಲ್ಲ, ಇಡೀ ಕಪಾಟನ್ನೇ ಕೊಡಬಹುದು. ಆದ್ದರಿಂದ ಎಲ್ಲ ಗಂಟುಗಳನ್ನೂ ಒಟ್ಟಿಗೆ ಬಿಚ್ಚಬೇಕು. ಓದಿದವರು ಹಲವರು, ಒಬ್ಬೊಬ್ಬರದ್ದೂ ಬೇರೆ ಫೋಲ್ಡರು. ಸೊಸೆ ನಮ್ಮ ಮನೆಯವರದ್ದೇ ಮೊದಲಾಗಲಿ ಎಂದು ಅತ್ತೆಯ ಫೋಲ್ಡರು ತೆರೆದಳು.

ಅಕ್ಕರೆಯಿಂದಲೇ ತೆರೆದಳು. ಅದನ್ನು ಯಾರಿಗೆ ಹೇಳಿದರೂ ನಂಬುವುದು ಕಷ್ಟ.

ಎಲ್ಲ ಗಂಟುಗಳನ್ನೂ ಒಮ್ಮೆಗೇ ಗುರುತಿಸಿ ಮೌಸಿನ ಗುಂಡಿ ಒತ್ತಿದಾಗ ಪಟ್ಟಿಯೊಂದು ಇಳಿಯಿತು. ಮೇಲಿನದು 'ಇಲ್ಲೇ ಬಿಚ್ಚು'. ಅದರ ಕೆಳಗಿನದು 'ಒಂದೊಂದನ್ನೂ ಅದರದರ ಹೆಸರಿನ ಫೋಲ್ಡರಿಗೆ ಬಿಚ್ಚು'. ಒಂದೊಂದೇ ಗಂಟು ಬಿಚ್ಚುತ್ತಿದ್ದ ಕೈಗೆ ಮೇಲಿನದೇ ರೂಢಿ. ಬೆರಳು ತಾನಾಗಿ ಅಲ್ಲಿಗೇ ಹೋಯಿತು. ಡಿಸ್ಕು ತುಂಬಿ ತುಳುಕುತ್ತಿದ್ದುದರಿಂದ, 'ಬಿಚ್ಚಿದ ಮೇಲೆ ಗಂಟನ್ನು ಅಳಿಸು' ಎಂಬಲ್ಲಿಯೂ ಗುರುತು ಹಾಕಿದಳು. ಬಟ್ಟೆ ತೆಗೆದ ಮೇಲೆ ಕಾಗದದ ಪೊಟ್ಟಣ ಯಾಕೆ ಇಟ್ಟುಕೊಳ್ಳಬೇಕು?

ಹಸಿರು ಪಟ್ಟಿ ಓಡತೊಡಗಿತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಕೇಳಿತು: 'ಒಂದು' ಎಂಬ ಹೆಸರಿನ ಫೈಲು ಇಲ್ಲಿ ಆಗಲೇ ಇದೆ. ಹಳೆಯದನ್ನು ತೆಗೆದು ಹೊಸದನ್ನು ಇಡಲೇ? ಹೌದು ಎಂದಳು. 'ಎರಡು' ಆಗಲೇ ಇದೆ, ಇಡಲೇ? ಹೌದು. 'ಮೂರು' ಆಗಲೇ ಇದೆ, ಇಡಲೇ?

"ಥೇಟ್ ನಮ್ಮತ್ತೆ! ಕೇಳಿದ್ದನ್ನೇ ಎಷ್ಟು ಸಲ ಕೇಳ್ತೀಯಪ್ಪಾ" ಎಂದು ಅವಳು ಆ ಕೋಣೆಯಲ್ಲಿ ಒಬ್ಬಳೇ ಗದರಿ, ಮೂಲೆಯಲ್ಲಿದ್ದ ಗುಂಡಿಯನ್ನು ಒತ್ತಿದಳು. 'ಎಲ್ಲದಕ್ಕೂ ಹೌದು'. ಕಂಪ್ಯೂಟರು ಸುಮ್ಮನಾಯಿತು. ಅವಳು ಎದ್ದು ಹೋಗಿ ಚಹಾ ಕುಡಿದು, ವ್ಯವಸ್ಥಾಪಕರ ಎದುರು ನಿಂತು "ಒಂದೇ ಏಟಿಗೆ ಬಿಚ್ಚೋ ಉಪಾಯ ಗೊತ್ತಾಯ್ತು ಸಾರ್" ಎಂದು ಹೇಳಿಯೂ ಬಂದಳು.

ಮರಳಿ ಬಂದಾಗ ಹಸಿರು ಪಟ್ಟಿ ತುಂಬಿ ನಿಂತಿತ್ತು. ಗಂಟುಗಳಿರಲಿಲ್ಲ. ಅವುಗಳ ಜಾಗದಲ್ಲಿ ಒಂದೇ ಒಂದು ಸಾಲು, ಒಂದರಿಂದ ಮೂವತ್ತೊಂದರವರೆಗೆ. ಅವಳು ಪಟ್ಟಿಯನ್ನು ಕೆಳಕ್ಕೆ ಎಳೆದಳು, ಅದು ಇಳಿಯಲಿಲ್ಲ. ಅಷ್ಟೇ ಇದ್ದದ್ದು. ಬೇರೆ ಕಡೆ ಬಿಚ್ಚಿಕೊಂಡಿರಬೇಕು ಎಂದು ಹುಡುಕಿದಳು. ಹೆಸರು ಹಾಕಿ ಹುಡುಕಿದಳು, ದೋಣಿ ಎಂದು, ಜೇನು ಎಂದು, ಕಿಡ್ನಿ ಎಂದು. ಕಂಪ್ಯೂಟರು ಸಾವಧಾನವಾಗಿ ಹುಡುಕಿ, ಸಿಗಲಿಲ್ಲ ಎಂದಿತು.

ಕಿವಿಗೆ ಹೆಡ್‌ಫೋನು ಸಿಕ್ಕಿಸಿ 'ಒಂದು' ಒತ್ತಿದಳು. ಹೊಲಿಗೆ ಪುಸ್ತಕ, ಅಕ್ಷರಮಾಲೆಯ ಕೊನೆಯಲ್ಲಿದ್ದದ್ದು, ಕೊನೆಗೆ ಬಿಚ್ಚಿದ್ದು. ಎರಡು, ಮೂರು, ಎಲ್ಲ ಹೊಲಿಗೆ. ಒಂಬತ್ತರ ಕೊನೆಯಲ್ಲಿ ಅತ್ತೆ ನಿಧಾನವಾಗಿ ಹೇಳುತ್ತಿದ್ದರು: "ತೋಳನ್ನು ಸರಿಯಾಗಿ ಅಳೆದು, ಹೆದರದೆ ಕತ್ತರಿಸಿ." ಹತ್ತು ಒತ್ತಿದಳು. ಅದೇ ತಂಪು ಧ್ವನಿ: "ರಕ್ತ ಇನ್ನೂ ಆರಿರಲಿಲ್ಲ." ಅದು ಸೇತುವೆಯ ಮೇಲಿನ ಕೊಲೆಯ ಪತ್ತೇದಾರಿ. ಎಲ್ಲಕ್ಕಿಂತ ಉದ್ದದ ಪುಸ್ತಕವಾದ್ದರಿಂದ ಅದರ ಬಾಲ ಉಳಿದುಕೊಂಡಿತ್ತು. ತಲೆಯ ಮೇಲೆ ಹೊಲಿಗೆ ಕೂತಿತ್ತು.

ಉಳಿದವೆಲ್ಲ ಒಂದರ ಮೇಲೊಂದು ಬಂದು, ಒಂದನ್ನೊಂದು ನುಂಗಿ ಹೋಗಿದ್ದವು. ಪ್ರತಿ ಪುಸ್ತಕದ ಒಂದನೆಯ ಅಧ್ಯಾಯಕ್ಕೂ ಒಂದೇ ಹೆಸರು. ಕಂಪ್ಯೂಟರು ಕೇಳಿದ್ದೂ ಅದನ್ನೇ, ಇವಳು ಹೌದೆಂದದ್ದೂ ಅದಕ್ಕೇ.

ಸೊಸೆ ಎದ್ದು ಬಾಗಿಲ ಹಿಡಿಗೆ ಕೈ ಹಾಕಿದಳು, ತೆರೆಯಲಿಲ್ಲ. ಹೊರಗೆ ಹೋಗಿ ಏನು ಹೇಳುವುದು? ಮತ್ತೆ ಬಂದು ಕೂತಳು. ಕೂತು ಏನು ಮಾಡುವುದು? ಸ್ಪಂಜಿನ ಗೋಡೆಗಳು ನಾಲ್ಕು ಕಡೆಯಿಂದಲೂ ಒಂದೊಂದು ಹೆಜ್ಜೆ ಹತ್ತಿರ ಬಂದಂತಾಯಿತು. "ದೇವರೇ" ಎಂದಳು. ಆ ಕೋಣೆಯಲ್ಲಿ ಯಾವ ಮಾತಿಗೂ ಮಾರ್ದನಿಯಿಲ್ಲ. ಆ ಕರೆಯೂ ಹೋದಲ್ಲೇ ಇಂಗಿಹೋಯಿತು.

ಕಂಪ್ಯೂಟರ್ ರಿಪೇರಿಯವನು ಬಂದ. ಅಂಗಿಯ ತೋಳು ಮಡಚಿ ಕೂತು, ಅಳಿಸಿದ್ದನ್ನು ಎಬ್ಬಿಸುವ ಯಾವ್ಯಾವುದೋ ಉಪಾಯ ಹೂಡಿ ಮಧ್ಯಾಹ್ನದವರೆಗೆ ಒದ್ದಾಡಿದ.

"ಡಿಸ್ಕಲ್ಲಿ ಜಾಗ ಇತ್ತಾ ಅಕ್ಕ?"

"ಇರ್ಲಿಲ್ಲಪ್ಪ. ಅದಕ್ಕೇ ಅಳಿಸು ಅಂದೆ."

"ಹಾಗಾದ್ರೆ ಮುಗೀತು. ಜಾಗ ಇದ್ದಿದ್ರೆ ಹಳೇದು ಎಲ್ಲೋ ಮೂಲೇಲಿ ಬಿದ್ದಿರೋದು, ಎತ್ಕೊಡ್ತಿದ್ದೆ. ಇಲ್ಲಿ ಒಂದು ಅಳಿಸಿದ ಜಾಗದಲ್ಲೇ ಇನ್ನೊಂದು ಬಂದು ಕೂತಿದೆ. ಇನ್ನೊಂದು ಡಿಸ್ಕಲ್ಲಿ ಪ್ರತಿ ಇಟ್ಟಿಲ್ವಾ?"

ಇನ್ನೊಂದು ಡಿಸ್ಕು ಕೆಳಗೆ ಬಿದ್ದು ಕೆಟ್ಟು ಬಹಳ ಕಾಲವಾಗಿತ್ತು. ಹೊಸದು ಕೇಳಿದಾಗಲೆಲ್ಲ ವ್ಯವಸ್ಥಾಪಕರು 'ಬರೋ ವರ್ಷ ನೋಡೋಣ' ಎನ್ನುತ್ತಿದ್ದರು. ಈಗ ಆ ಮಾತು ಎತ್ತಿದರೆ ತಪ್ಪನ್ನು ಅವರ ತಲೆಗೆ ಕಟ್ಟಿದಂತೆ. ಸೊಸೆ ಎತ್ತಲಿಲ್ಲ. ಅವರಿಗೂ ನೆನಪಾಯಿತೆಂದು ಕಾಣುತ್ತದೆ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನೋಡಮ್ಮ, ಬೇರೆ ಯಾರ ಫೋಲ್ಡರ್ ಹೋಗಿದ್ರೂ ಕೈತಪ್ಪು ಅಂತಿದ್ರು. ಅತ್ತೇದು ಮಾತ್ರ ಹೋಗಿದೆ, ಹೋಗಿರೋದು ಸೊಸೆ ಕೈಯಿಂದ. ಜನ ಏನಂತಾರೆ ಅಂತ ನಾನು ಬಿಡಿಸಿ ಹೇಳ್ಬೇಕಾ?"

"ಬೇಡ ಸಾರ್."

"ಸದ್ಯಕ್ಕೆ ಯಾರ ಹತ್ರವೂ ಬಾಯಿ ಬಿಡ್ಬೇಡಿ. ಯಾರಾದ್ರೂ ಕೇಳಿದ್ರೆ ಕೆಲಸ ನಡೀತಿದೆ ಅನ್ನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಸೊಸೆಗೆ ಮಾತ್ರ ಬಾಗಿಲಿಗೆ ಹೊರಗಿನಿಂದಲೂ ಚಿಲಕ ಹಾಕಿದಂತಾಯಿತು.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಬೇಕೆಂದೇ ಸುತ್ತು ಹಾಕಿದಳು. ಎಷ್ಟು ಸುತ್ತಿದರೂ ಬೀದಿಗಳೆಲ್ಲ ಕೊನೆಗೆ ಆ ಎರಡು ಕೋಣೆಯ ಮನೆಗೇ ತಂದು ಬಿಟ್ಟವು. ಗಂಡ ಲಾರಿಯ ಮೇಲೆ ದೂರ ಹೋಗಿದ್ದ, ಬರಲು ವಾರವಿತ್ತು. ಅತ್ತೆ ತಲೆ ಬಾಚಿ, ತೊಳೆದ ಸೀರೆ ಉಟ್ಟು, ನೆಂಟರಿಗೆ ಕಾಯುವವರಂತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದರು. ಕೈ ಚಾಚಿದರು.

"ಯಂತ್ರ ಚಾರ್ಜ್ ಆಗ್ಬೇಕಂತೆ ಅತ್ತೆ. ಹೊಸದಲ್ವಾ? ಒಂದೆರಡು ದಿನ ಹಿಡಿಯುತ್ತಂತೆ."

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಮೆಲ್ಲಗೆ ಮಡಿಲಿಗೆ ಮರಳಿತು.  ಅತ್ತೆ ಅವಳ ಮುಖವನ್ನೇ ನೋಡಿದರು. ಓದುವುದನ್ನೇ ಕಸುಬು ಮಾಡಿಕೊಂಡವರ ಎದುರು ಮುಖ ಹಿಡಿದು ನಿಲ್ಲುವುದು ಸುಲಭವಲ್ಲ. ಸೊಸೆ ಒಲೆ ಹಚ್ಚುವ ನೆಪ ಮಾಡಿ ಒಳಗೆ ಹೋದಳು.

ಮರುದಿನ ಅವಳಿಗೆ ಒಂದು ದಾರಿ ಹೊಳೆಯಿತು. ಎರವಲು ಹೋದ ಯಂತ್ರಗಳಲ್ಲಿ ಅತ್ತೆಯ ಪುಸ್ತಕಗಳಿರಬೇಕಲ್ಲ! ಲೆಕ್ಕ ನೋಡಿದಳು. ಹೊಸ ಯಂತ್ರ ಬಂದಿದೆ, ಹಳೆಯದನ್ನು ತಂದುಕೊಡಿ ಎಂದು ಇವಳೇ ಎಲ್ಲರಿಗೂ ಫೋನು ಮಾಡಿದ್ದಳು. ನಿಯಮಸ್ಥರು, ಹೇಳಿದ ಮಾತಿಗೆ ಬೆಲೆ ಕೊಡುವವರು, ಎಲ್ಲರೂ ತಂದುಕೊಟ್ಟಿದ್ದರು. ಇವಳು ಒಂದೊಂದನ್ನೂ ಚೊಕ್ಕಟವಾಗಿ ಅಳಿಸಿ ಡಬ್ಬಿಯಲ್ಲಿ ಜೋಡಿಸಿದ್ದಳು. ಕೊಡದೆ ಉಳಿದಿದ್ದವರು ಒಬ್ಬರೇ, ಬೇಕರಿಯಲ್ಲಿ ಹಿಟ್ಟು ನಾದುವ ಒಬ್ಬ ಮಧ್ಯವಯಸ್ಸಿನವರು, ಹುಟ್ಟಿನಿಂದ ಕಣ್ಣಿಲ್ಲದವರು. ಒಂದು ಪುಸ್ತಕ ಒಯ್ದು ವರ್ಷಗಳೇ ಆಗಿದ್ದವು. ಎಲ್ಲರ ಪ್ರಾಮಾಣಿಕತೆ ಅಳಿಸಿಹಾಕಿದ್ದನ್ನು ಒಬ್ಬರ ಕಳ್ಳತನ ಉಳಿಸಿರಬಹುದು. ದೇವರ ಲೆಕ್ಕ ನಮಗೆಲ್ಲಿ ತಿಳಿಯುತ್ತದೆ!

ಆದರೆ ಆ ದಾರಿಯಲ್ಲೂ ಒಂದು ಮುಳ್ಳಿತ್ತು, ಅದನ್ನು ನೆಟ್ಟವಳೂ ಇವಳೇ. ಕಡೆಯ ಸಲ ಫೋನಿನಲ್ಲಿ ಅವರು ಆಗಲಿ ಈಗಲಿ ಎಂದು ರಾಗ ಎಳೆದಾಗ, ಇವಳು ರೇಗಿ, "ಕಣ್ಣಿಲ್ಲ ಸರಿ, ನಾಚಿಕೆಯೂ ಇಲ್ವಾ?" ಎಂದು ಫೋನು ಇಟ್ಟಿದ್ದಳು.

ಬೇಕರಿಯ ಹಿಂಬಾಗಿಲು ಒಂದು ಸಂದಿಗೆ ತೆರೆದಿತ್ತು. ಒಲೆಯ ಝಳ ಸಂದಿಯಲ್ಲೇ ಮುಖಕ್ಕೆ ಬಡಿಯಿತು. ಅವಳು ಹೆಜ್ಜೆ ಎತ್ತಿಟ್ಟವಳು ಅಲ್ಲೇ ನಿಂತುಬಿಟ್ಟಳು. ಒಳಗಿನಿಂದ ಅತ್ತೆ ಮಾತನಾಡುತ್ತಿದ್ದರು.

"ಪೆಟ್ಟಿಗೆಯ ಮುಚ್ಚಳ ತೆಗೆಯುವಾಗ ಗಾಬರಿ ಬೇಡ. ಮೆಲ್ಲಗೆ ಉಸಿರಾಡಿ. ನಿಮ್ಮ ಗಾಬರಿ ಜೇನಿಗೆ ತಿಳಿಯುತ್ತದೆ, ನಿಮ್ಮ ಸಮಾಧಾನವೂ ತಿಳಿಯುತ್ತದೆ."

ಜೇನು ಸಾಕುವ ಪುಸ್ತಕ. ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು. ಮನೆಯಲ್ಲಿ ಆ ಧ್ವನಿ ನಿಂತು ಎಷ್ಟು ಕಾಲವಾಗಿತ್ತು! ಅದು ಇಷ್ಟು ಇಂಪಾಗಿತ್ತೆ? ಉಪ್ಪು ಹೆಚ್ಚಾಗಿದೆ ಎಂದದ್ದೂ ಇದೇ ಧ್ವನಿಯಾ?

"ಯಾರದು?" ಎಂದರು ಬೇಕರಿಯವರು. ಮೊಣಕೈವರೆಗೆ ಹಿಟ್ಟು.

"ನಾನು, ಪುಸ್ತಕದ ಆಫೀಸಿನಿಂದ. ಓದಮ್ಮನ ಸೊಸೆ."

ಹಿಟ್ಟಿನ ಕೈ ಹಲಗೆಯ ಕೆಳಗೆ ಹೋಯಿತು, ಧ್ವನಿ ನಿಂತಿತು. "ಬನ್ನಿ ಬನ್ನಿ. ಏನು ಈ ಕಡೆ?"

"ಆ ಯಂತ್ರ..."

"ಯಾವ ಯಂತ್ರ?"

"ಈಗ ಮಾತಾಡ್ತಿತ್ತಲ್ಲ ಅಣ್ಣ."

"ಅದಾ? ರೇಡಿಯೋ. ನಿಮ್ಮ ಯಂತ್ರ ಅವತ್ತೇ ಕಳೆದೋಯ್ತು. ನಾಚಿಕೆ ಇಲ್ದಿರೋ ಮನುಷ್ಯ ನೋಡಿ, ಹೇಳೋಕೆ ಮರೆತೆ."

ಸೊಸೆ ಹಿಟ್ಟಿನ ಮೂಟೆಯ ಪಕ್ಕದಲ್ಲಿ ಹಾಗೆಯೇ ನಿಂತಳು. ವ್ಯವಸ್ಥಾಪಕರು ಹಾಕಿದ್ದ ಚಿಲಕವನ್ನು ತಾನೇ ತೆಗೆದಳು. ಗಂಟು ಬಿಚ್ಚಿದ್ದು, ಎಲ್ಲದಕ್ಕೂ ಹೌದೆಂದದ್ದು, ರಿಪೇರಿಯವನು ಕೈಚೆಲ್ಲಿದ್ದು, ಅತ್ತೆಯ ಧ್ವನಿ ಹೋದದ್ದು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಫೋನಿನಲ್ಲಿ ಅಂದ ಮಾತಿಗೆ, "ಅದು ನನ್ನ ಬಾಯಿಂದ ಬರಬಾರ್ದಿತ್ತು ಅಣ್ಣ" ಎಂದಳು.

ನಾದುತ್ತಿದ್ದ ಕೈ ನಿಂತಿತ್ತು. "ಓದಮ್ಮನಿಗೆ ಧ್ವನಿ ಹೋಯ್ತಾ?"

"ಹೋಯ್ತು."

"ನನಗ್ಯಾರೂ ಹೇಳ್ಲೇ ಇಲ್ಲ." ಅವರು ಹಿಟ್ಟಿನ ಮುದ್ದೆಯನ್ನು ಹಿಡಿದುಕೊಂಡು ನಿಂತರು. "ನಾನು ಜೇನು ಮುಟ್ಟಿದೋನಲ್ಲ, ಸಾಕಿದೋನಲ್ಲ. ಆದ್ರೆ ಈ ಬಿಸಿ ಗೂಡಲ್ಲಿ ನಿಂತು ನಾದುವಾಗ ಆಯಮ್ಮ ಗಾಬರಿ ಬೇಡ ಅಂತಾರಲ್ಲ, ಅಷ್ಟಕ್ಕೇ ಇಟ್ಕೊಂಡೆ. ಕೊಟ್ರೆ ಅಳಿಸ್ತೀರಿ. ಅದು ನಿಮ್ಮ ನಿಯಮ."

"ಅಳಿಸಲ್ಲ ಅಣ್ಣ. ಆಣೆಗೂ ಅಳಿಸಲ್ಲ."

"ಅಳಿಸಲ್ಲ ಅಂತ ಯಾರು ಹೇಳ್ತಿರೋದು, ನೀವಾ?"

ಸೊಸೆ ಮೂಟೆಗೆ ಒರಗಿ ಅತ್ತುಬಿಟ್ಟಳು. 

"ಹಿಟ್ಟು ಕಾಯಲ್ಲಮ್ಮ. ಹೋಗ್ಬನ್ನಿ" ಎಂದು ಅವರು ಹಲಗೆಗೆ ಬಾಗಿದರು. ಅವಳು ಸಂದಿ ದಾಟುವವರೆಗೂ ಒಳಗಿನ ಧ್ವನಿ ಮತ್ತೆ ಶುರುವಾಗಲಿಲ್ಲ.

ಅಂದು ಸಂಜೆ ಅವಳು ಉಳಿದದ್ದನ್ನೇ ಹೊಸ ಯಂತ್ರಕ್ಕೆ ತುಂಬಿಕೊಂಡು ಮನೆಗೆ ಹೋದಳು. ಸುಳ್ಳು ಸಾಕಾಗಿತ್ತು. ಅತ್ತೆಯ ಕೈಗೆ ಯಂತ್ರ ಕೊಟ್ಟು ಗುಂಡಿ ಒತ್ತಿ ನೆಲದ ಮೇಲೆ ಕೂತಳು.

ಅತ್ತೆ ಕಣ್ಣು ಮುಚ್ಚಿ ಕೇಳಿದರು. ತಮ್ಮ ಧ್ವನಿ ಬಂದ ಕೂಡಲೇ ಕೈ ಕುತ್ತಿಗೆಗೆ ಹೋಯಿತು. ಹೊಲಿಗೆಯ ಪಾಠ ಮುಂದುವರಿಯಿತು. ಅಳತೆ, ಗುರುತು, ಸೂಜಿ, ದಾರ. ಅತ್ತೆ ತಾಳ ಹಾಕುವಂತೆ ತಲೆಯಾಡಿಸುತ್ತಿದ್ದರು. ಒಂದೊಂದು ಅಧ್ಯಾಯವೂ ಚಿಕ್ಕದು. ತೋಳನ್ನು ಹೆದರದೆ ಕತ್ತರಿಸಿ ಎಂದ ಮರುಗಳಿಗೆಯೇ ರಕ್ತ ಇನ್ನೂ ಆರಿರಲಿಲ್ಲ ಎಂದಾಗ ಅವರ ಕಣ್ಣು ತೆರೆಯಿತು. ಹೆಗಲು ಕುಲುಕತೊಡಗಿತು. ನಗು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು ನಗು. ಸೊಸೆಯೂ ಎಲ್ಲ ಮರೆತು ನಕ್ಕುಬಿಟ್ಟಳು. ಎಷ್ಟೋ ದಿನಕ್ಕೆ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು.

ಅತ್ತೆ ಕಣ್ಣೊರೆಸಿಕೊಂಡು ಬರೆದರು: "ಮಿಕ್ಕಿದ್ದು?"

"ಹೋಯ್ತು ಅತ್ತೆ."

"ದೋಣಿಯವ?"

"ಎಲ್ಲಾ ಹೋಯ್ತು. ಒಟ್ಟಿಗೆ ಬಿಚ್ಚೋಕೆ ಹೋದೆ. ಒಂದರ ಮೇಲೊಂದು ಬಿತ್ತು. ನನ್ನ ಕೈಯಿಂದಲೇ ಆಯ್ತು. ಬೇಕಂತ ಮಾಡ್ಲಿಲ್ಲ ಅತ್ತೆ. ದೇವರಾಣೆ ಬೇಕಂತ ಮಾಡ್ಲಿಲ್ಲ."

ನಗು ಎಲ್ಲಿತ್ತೋ ಅಲ್ಲೇ ಆರಿತು. ಅತ್ತೆ ಸೆರಗಿನಿಂದ ಸ್ಲೇಟನ್ನು ಅಳಿಸಿದರು. ಆಮೇಲೆ ಬರೆದರು. ಅವಸರವಿಲ್ಲ, ಸಿಟ್ಟಿಲ್ಲ, ಅದೇ ದುಂಡನೆಯ ಅಕ್ಷರ: "ನನ್ನ ಬಾಯಿಗೆ ರಜೆ ಬೇಕು ಅಂದಿದ್ದೆ ನೀನು. ಎರಡು ಸಲ ಸಿಕ್ಕಿತು."

ಸ್ಲೇಟನ್ನು ಅಳಿಸದೆ ಮೇಜಿನ ಮೇಲಿಟ್ಟು, ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ? ಅತ್ತೆ ಏಳುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಹಾಕಿದ್ದನ್ನು ಉಣ್ಣುತ್ತಿದ್ದರು. ಸೊಸೆಯನ್ನು ಕರೆಯುತ್ತಿರಲಿಲ್ಲ. ನೀರು ಬೇಕಾದರೆ ತಾವೇ ಎದ್ದು ಹೋಗುತ್ತಿದ್ದರು. ಸ್ಲೇಟು ಆ ಎರಡು ಸಾಲನ್ನು ಹೊತ್ತುಕೊಂಡು ಮೇಜಿನ ಮೇಲೆ ಹಾಗೆಯೇ ಇತ್ತು, ಒರೆಸುವ ಧೈರ್ಯ ಅವಳಿಗಿರಲಿಲ್ಲ, ಮನಸ್ಸು ಅವರಿಗಿರಲಿಲ್ಲ. ಅದರ ಸುತ್ತಲೇ ತಟ್ಟೆ ಇಟ್ಟು ಉಂಡರು. ಮನೆಯಲ್ಲಿ ಸ್ಲೇಟು, ಕಚೇರಿಯಲ್ಲಿ ಸ್ಪಂಜಿನ ಗೋಡೆ. ಎರಡರ ನಡುವಿನ ಬೀದಿಯಲ್ಲಿ ಗಾಳಿಯಾಡದ ಆ ಮೋಡ. ಬೇಕಂತ ಮಾಡಲಿಲ್ಲ ಎಂಬುದಕ್ಕೆ ಅವಳ ಬಳಿ ಸಾಕ್ಷಿಯಿರಲಿಲ್ಲ. ಒಮ್ಮೊಮ್ಮೆ ಅವಳಿಗೇ ಅನುಮಾನ ಬರುತ್ತಿತ್ತು: ಆ ಗುಂಡಿ ಒತ್ತುವಾಗ 'ಥೇಟ್ ನಮ್ಮತ್ತೆ' ಎಂದಿದ್ದೆನಲ್ಲ, ಒಳಗೆಲ್ಲೋ ಒಂದು ಮೂಲೆ ಅದಕ್ಕೇ ಕಾಯುತ್ತಿತ್ತಾ? ಕೆಲಸದ ನಡುವೆ ಕಣ್ಣು ಮುಚ್ಚಿ ಅವಳು ಬೇಡಿಕೊಳ್ಳುತ್ತಿದ್ದುದು ಒಂದೇ. ಕಳೆದದ್ದನ್ನು ಕೊಡು ಎಂದಲ್ಲ, ನನ್ನ ಒಳಗು ಅವರಿಗೆ ಕಾಣುವಂತೆ ಮಾಡು ಎಂದು.

ವಾರದ ರಜೆಯ ದಿನ. ಸೊಸೆ ಅಡುಗೆಮನೆಯಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅತ್ತೆ ಹೊರಬಾಗಿಲಲ್ಲಿ ಕೂತು ಬೀನ್ಸ್ ಸೋಸುತ್ತಿದ್ದರು. ಬೀದಿಯಲ್ಲಿ ಕೋಲು ಕುಟ್ಟುವ ಸದ್ದು ಕೇಳಿಸಿತು, ಹತ್ತಿರ ಬಂತು, ಮೆಟ್ಟಿಲು ತಡಕಿತು, ನಿಂತಿತು.

"ಯಾರಿದೀರಿ ಮನೇಲಿ?"

ಸೊಸೆ ಅಡುಗೆಮನೆಯಿಂದ ಇಣುಕಿದಳು. ಬೇಕರಿಯವರು. ತೊಳೆದ ಅಂಗಿ, ಉಗುರಿನ ಸಂದಿಯಲ್ಲಿ ಹಿಟ್ಟು. ಅವರ ಎದುರಿಗೇ ಅತ್ತೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅವರಿಗೆ ಕಾಣುವುದಿಲ್ಲ, ಇವರಿಗೆ ಹೇಳಲಾಗುವುದಿಲ್ಲ.

"ಯಾರೋ ಇದೀರಿ, ತರಕಾರಿ ಮುರಿಯೋ ಸದ್ದು ಕೇಳಿಸ್ತು. ಓದಮ್ಮನ ಮನೆ ಇದೇ ತಾನೇ?"

ಸೊಸೆ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ, ಎಷ್ಟೋ ಪುಸ್ತಕಗಳ ಮೇಲೆ ಮಾಡಿದ ಅಭ್ಯಾಸದಿಂದ, ಮಾತಾಡಲು ಹೊರಟವರಂತೆ ಉಸಿರೆಳೆದುಕೊಂಡರು. ಮಾತು ಬರಲಿಲ್ಲ. ಉಸಿರು ಮಾತ್ರ.

ಬೇಕರಿಯವರ ಮುಖ ತಟ್ಟನೆ ಆ ಕಡೆ ತಿರುಗಿತು.

"ಓದಮ್ಮಾ?" ಎಂದರು. "ನೀವೇ. ಪ್ರತಿ ಸಾಲಿಗೆ ಮೊದಲು ಹೀಗೇ ಉಸಿರು ತಗೋತೀರಿ. ನನಗೆ ಗೊತ್ತಿಲ್ವಾ?"

ಅತ್ತೆ ಬೀನ್ಸಿನ ಮೊರ ಕೆಳಗಿಟ್ಟು ಅವರ ಮುಂಗೈ ಹಿಡಿದುಕೊಂಡರು.

"ನಾನು ನಿಮ್ಮ ಸೊಸೆಗೆ ಸುಳ್ಳು ಹೇಳಿದ್ದೆ ತಾಯಿ. ಯಂತ್ರ ಕಳೆದೋಯ್ತು ಅಂದೆ, ಅದರ ಪಕ್ಕದಲ್ಲೇ ನಿಂತ್ಕೊಂಡು. ಆಕೆ ನನಗೆ ನಿಜ ಹೇಳಿದ್ರು, ಒಂದೂ ಬಿಡ್ದೆ, ತನ್ನ ಮರ್ಯಾದೆ ಹೋಗೋದೂ ಸೇರಿ. ಹಿಟ್ಟಿನ ಮೂಟೆ ಪಕ್ಕ ನಿಂತು ಅತ್ರು. ಅದನ್ನ ನಾನು ನೋಡಲಿಲ್ಲ, ಆದ್ರೆ ಕೇಳಿದೆ. ಬೇಕಂತ ಅಳಿಸಿದೋರು ನನ್ನಂಥೋನ ಹತ್ರ ಬಂದು ಕೈಯೊಡ್ಡಿ ಬೈಸ್ಕೋತಾರಾ? ನನಗಂತೂ ಕೆಲಸ ಮಾಡೋಕೆ ಆಗ್ಲಿಲ್ಲ. ಗುಂಡಿ ಒತ್ತಿದ್ರೆ ನೀವು ಗಾಬರಿ ಬೇಡ ಅಂತೀರಿ, ನನಗೆ ಗಾಬರಿಯೇ ಆಗುತ್ತೆ."

ಅತ್ತೆ ತಲೆಯೆತ್ತಿ ಒಳಗೆ ನೋಡಿದರು. ಸೊಸೆ ಬೂದಿಗೈಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು. ಬೇಕರಿಗೆ ಹೋದದ್ದನ್ನು ಅವಳು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಅತ್ತೆ ಕಣ್ಣು ಕೀಳಲಿಲ್ಲ. ಕಷ್ಟದ ಪುಟವೊಂದನ್ನು ಓದುವವರಂತೆ, ಮೊದಲಿನಿಂದ, ನಿಧಾನವಾಗಿ ಓದಿದರು. ಆಮೇಲೆ ಬಾ ಎಂದು ಗಲ್ಲ ಆಡಿಸಿದರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಸೊಸೆ ಬಂದು ಕೂತಳು. ಎಷ್ಟೋ ದಿನಕ್ಕೆ ಅವಳ ಎದೆಯೊಳಕ್ಕೆ ಪೂರ್ತಿ ಒಂದು ಉಸಿರು ಹೋಯಿತು.

"ಜೇನಿಂದು ಒಂದೇ ಇರೋದು" ಎಂದರು ಬೇಕರಿಯವರು. "ಬೇರೇದಿಲ್ಲ."

ಅವರು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಜೇಬಿನಿಂದ ಹಳೆಯ ಯಂತ್ರ ತೆಗೆದರು. ಬಟ್ಟೆಯ ತುಂಡಿನಲ್ಲಿ ಸುತ್ತಿದ್ದರು. ಬಿಚ್ಚಿ, ಹೆಬ್ಬೆರಳಿನಿಂದ ಗುಂಡಿಗಳನ್ನು ಒಮ್ಮೆ ಸವರಿದರು. ಓದಮ್ಮನ ಅಂಗೈ ಎಲ್ಲಿದೆಯೆಂದು ತಡಕಿ ಹುಡುಕಿ, ಅದರಲ್ಲಿಟ್ಟರು. ಕೋಲು ಊರಿ ಮೆಟ್ಟಿಲಿಳಿದರು.